ವಿದೇಶದಲ್ಲಿ ನಮ್ಮ ಬಿ.ಪಿ. ಮಾತ್ರೆ ಹುಡುಕುವುದು ಹೇಗೆ: ಹೊರಡುವ ಮುಂಚಿನಿಂದ ವಾಪಸ್ ಬರುವವರೆಗೆ

ಅಮೆರಿಕದ ಔಷಧಿ ಅಂಗಡಿಗೆ ಹೋಗಿ ‘ಟೆಲ್ಮಾ ಎಎಂ ಇದೆಯಾ?’ ಅಂತ ಕೇಳಿದರೆ ಇಲ್ಲ ಅನ್ನುತ್ತಾರೆ. ಆದರೆ ಆ ಮಾತ್ರೆಯೊಳಗಿರುವ ಎರಡೂ ಔಷಧಿಗಳು ಅದೇ ಅಂಗಡಿಯ ಕಪಾಟಿನಲ್ಲಿ ಕೂತಿರುತ್ತವೆ. ನಮಗೆ ಅವುಗಳ ಹೆಸರು ಗೊತ್ತಿಲ್ಲ, ಅವರಿಗೆ ನಮ್ಮ ಬ್ರಾಂಡ್ ಗೊತ್ತಿಲ್ಲ.

ಮಕ್ಕಳ ಮನೆಗೆ ಆರು ತಿಂಗಳಿಗೆಂದು ಹೋದ ಅಪ್ಪ-ಅಮ್ಮಂದಿರು, ಕೆಲಸಕ್ಕೆಂದು ಹೋದ ನಲವತ್ತು ದಾಟಿದವರು ಎಡವುವುದು ಮೂರೇ ಕಡೆ. ಬ್ರಾಂಡ್ ಹೆಸರು ಹಿಡಿದು ಹುಡುಕುತ್ತಾರೆ. ನಾಲ್ಕು ಮಾತ್ರೆ ಉಳಿದಾಗ ಹುಡುಕಲು ಶುರು ಮಾಡುತ್ತಾರೆ. ಊರಿನ ಡಾಕ್ಟರ್ ಚೀಟಿ ಅಲ್ಲೂ ನಡೆಯುತ್ತದೆ ಅಂದುಕೊಂಡಿರುತ್ತಾರೆ. ಮೂರಕ್ಕೂ ಪರಿಹಾರ ಊರಲ್ಲೇ ಇದೆ. ಅದಕ್ಕೇ ಈ ಬರಹದ ಅರ್ಧಕ್ಕಿಂತ ಜಾಸ್ತಿ ಭಾಗ ವಿಮಾನ ಹತ್ತುವ ಮುಂಚಿನ ಕೆಲಸಗಳ ಬಗ್ಗೆಯೇ ಇದೆ.

ಬೇಕಾದ ಸಾಮಾನು ಜಾಸ್ತಿ ಏನಿಲ್ಲ. ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪೂರ್ತಿ ಶೀಟ್, ಇತ್ತೀಚಿನ ಚೀಟಿ, ತೋಳಿಗೆ ಪಟ್ಟಿ ಸುತ್ತುವ ಬಿ.ಪಿ. ಮೆಷಿನ್ ಮತ್ತು ಒಂದು ಚಿಕ್ಕ ನೋಟ್‌ಬುಕ್.

## ಹಂತ 1: ಶೀಟಿನ ಹಿಂಬದಿ ಓದಿ

ಮೆಡಿಕಲ್ ಶಾಪಿನವರು ಕತ್ತರಿಯಲ್ಲಿ ಕತ್ತರಿಸಿ ಕೊಟ್ಟ ತುಂಡಿನಿಂದ ಈ ಕೆಲಸ ಆಗುವುದಿಲ್ಲ. ಬರಹ ಅರ್ಧಕ್ಕೇ ತುಂಡಾಗಿರುತ್ತದೆ, ಎಕ್ಸ್‌ಪೈರಿ ಡೇಟು ಅಂಗಡಿಯಲ್ಲೇ ಉಳಿದಿರುತ್ತದೆ. ಪೂರ್ತಿ ಶೀಟ್ ತೆಗೆದುಕೊಂಡು ಬೆಳಕಿಗೆ ಹಿಡಿಯಿರಿ. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಹೀಗೆ ಇರುತ್ತದೆ: ‘ಪ್ರತಿ ಮಾತ್ರೆಯಲ್ಲಿ ಟೆಲ್ಮಿಸಾರ್ಟಾನ್ ಐ.ಪಿ. 40 ಮಿ.ಗ್ರಾಂ, ಆಮ್ಲೋಡಿಪಿನ್ 5 ಮಿ.ಗ್ರಾಂ.’ ವಿದೇಶದಲ್ಲಿ ನೀವು ಕೇಳಬೇಕಾದ ಹೆಸರು ಇದೇ; ಐ.ಪಿ. ಅನ್ನುವುದು ಭಾರತದ ಔಷಧಿ ಮಾನದಂಡದ ಗುರುತು, ಅಷ್ಟೆ. ನಮ್ಮ ಅಂಗಡಿಯವರು ‘ಕಂಟೆಂಟ್’ ಅನ್ನುವುದು ಇದಕ್ಕೇ. ಅಕ್ಷರ ಕಾಣದಿದ್ದರೆ ಫೋನಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ಹೆಚ್ಚು ಮಾರಾಟವಾಗುವ 300 ಬ್ರಾಂಡ್‌ಗಳ ಮೇಲೆ 2023ರ ಆಗಸ್ಟ್‌ನಿಂದ ಬಾರ್ ಕೋಡ್ ಅಥವಾ ಕ್ಯುಆರ್ ಕೋಡ್ ಕಡ್ಡಾಯವಾಗಿದೆ. ಅದನ್ನು ಸ್ಕ್ಯಾನ್ ಮಾಡಿದರೂ ಈ ವಿವರ ಬರಬೇಕು.

ಪ್ರತಿ ಮಾತ್ರೆಗೂ ಮೂರು ವಿಷಯ ಬರೆದುಕೊಳ್ಳಿ: ಔಷಧಿಯ ಹೆಸರು, ಎಷ್ಟು ಮಿ.ಗ್ರಾಂ, ನಿಧಾನವಾಗಿ ಕರಗುವ ಮಾತ್ರೆಯೋ ಸಾಮಾನ್ಯ ಮಾತ್ರೆಯೋ. ಮೂರನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಎಕ್ಸ್‌ಎಲ್, ಎಸ್‌ಆರ್, ಇಆರ್, ರಿಟಾರ್ಡ್ ಅಂತ ಇದ್ದರೆ ಅದು ನಿಧಾನವಾಗಿ ಕರಗುವ ಮಾತ್ರೆ. ಅದನ್ನು ಪುಡಿ ಮಾಡಬಾರದು, ಅಗಿಯಬಾರದು.

ಇವನ್ನು ಬಿಟ್ಟರೆ, ಬ್ರಾಂಡ್ ಹೆಸರಿನ ಬಾಲದಲ್ಲಿರುವ ಅಕ್ಷರ ಹೆಚ್ಚಾಗಿ ಎರಡನೇ ಔಷಧಿಯ ಗುರುತು. ಎಎಂ ಅಂದರೆ ಆಮ್ಲೋಡಿಪಿನ್, ಎಚ್ ಅಂದರೆ ಹೈಡ್ರೋಕ್ಲೋರೋಥಯಾಜೈಡ್, ಎಟಿ ಅಂದರೆ ಅಟೆನೊಲಾಲ್. ‘ನಾನು ತಗೊಳ್ಳೋದು ಟೆಲ್ಮಾ’ ಅಂತಷ್ಟೇ ಹೇಳಿದರೆ ಅರ್ಧ ಔಷಧಿ ಬಿಟ್ಟುಹೋಗಬಹುದು.

ಈಗ ಜನ ಎಡವುವ ಜಾಗಗಳಿಗೆ ಬರೋಣ. ಇಲ್ಲಿ ಅವಸರ ಬೇಡ.

ಎಸ್-ಆಮ್ಲೋಡಿಪಿನ್. ಅಸೋಮೆಕ್ಸ್, ಎಸ್-ನ್ಯೂಮ್ಲೊ ತರಹದ ಮಾತ್ರೆಗಳಲ್ಲಿ ಇರುವುದು ಇದು. ಇದರ 2.5 ಮಿ.ಗ್ರಾಂ, ಸಾಮಾನ್ಯ ಆಮ್ಲೋಡಿಪಿನ್‌ನ 5 ಮಿ.ಗ್ರಾಂ.ಗೆ ಸಮ. ಚೀಟಿಯಲ್ಲಿ ‘ಎಸ್’ ಬಿಟ್ಟು ಸುಮ್ನೆ ಆಮ್ಲೋಡಿಪಿನ್ 2.5 ಅಂತ ಬರೆದರೆ ಅಲ್ಲಿ ಅರ್ಧ ಡೋಸ್ ಸಿಗುತ್ತದೆ. ಬಿ.ಪಿ. ಏರುತ್ತದೆ, ಯಾಕೆ ಅಂತ ಯಾರಿಗೂ ತಿಳಿಯುವುದಿಲ್ಲ.

ಮೆಟೊಪ್ರೊಲಾಲ್. ಇದರಲ್ಲಿ ಎರಡು ಬಗೆ. ಸಕ್ಸಿನೇಟ್ ನಿಧಾನವಾಗಿ ಕರಗುವುದು, ಸಾಮಾನ್ಯವಾಗಿ ದಿನಕ್ಕೊಂದು ಸಲ. ಸಾಮಾನ್ಯ ಟಾರ್ಟ್ರೇಟ್ ಮಾತ್ರೆಯನ್ನು ಹೆಚ್ಚಾಗಿ ದಿನಕ್ಕೆರಡು ಸಲ ಕೊಡುತ್ತಾರೆ. ಒಂದರ ಬದಲು ಇನ್ನೊಂದು ಹಾಗೇ ನುಂಗುವಂತಿಲ್ಲ. ಇನ್ನೊಂದು ಗೊಂದಲ ಅಂಕಿಯದು. ನಮ್ಮಲ್ಲಿ 50 ಅಂತ ಕರೆಯುವ ಸಕ್ಸಿನೇಟ್ ಮಾತ್ರೆ ಜರ್ಮನಿಯಲ್ಲಿ 47,5 ಅಂತ ಸಿಗುತ್ತದೆ. ನಿಮ್ಮ ಶೀಟಿನ ಹಿಂದೆಯೂ ‘47.5 ಮಿ.ಗ್ರಾಂ, 50ಕ್ಕೆ ಸಮ’ ಅಂತ ಇರುತ್ತದೆ, ನೋಡಿ. ಗಾಬರಿ ಬೇಡ, ಎರಡೂ ಒಂದೇ.

ಪೆರಿಂಡೊಪ್ರಿಲ್. ಎರ್ಬುಮೈನ್ ರೂಪದ 4 ಮಿ.ಗ್ರಾಂ, ಆರ್ಜಿನೈನ್ ರೂಪದ 5 ಮಿ.ಗ್ರಾಂ.ಗೆ ಸಮ. ಆಸ್ಟ್ರೇಲಿಯಾಕ್ಕೆ ಹೋಗುವವರು ಇದನ್ನು ಪೂರ್ತಿ ಹೆಸರಿನೊಂದಿಗೆ ಬರೆದುಕೊಳ್ಳಿ.

ಅಲ್ಪವಿರಾಮ. ಜರ್ಮನಿಯಲ್ಲಿ, ಯುರೋಪಿನ ಬಹಳಷ್ಟು ದೇಶಗಳಲ್ಲಿ ದಶಮಾಂಶಕ್ಕೆ ಚುಕ್ಕೆ ಇಡುವುದಿಲ್ಲ, ಅಲ್ಪವಿರಾಮ ಹಾಕುತ್ತಾರೆ. 2,5 ಅಂದರೆ ಎರಡೂವರೆ, ಇಪ್ಪತ್ತೈದಲ್ಲ.

ಒಂದೇ ಹೆಸರು, ಬೇರೆ ಔಷಧಿ. ಬ್ರಾಂಡ್ ನಂಬಿದರೆ ಏನಾಗುತ್ತದೆ ಅನ್ನುವುದಕ್ಕೆ ಡಿಲಾಕಾರ್ ಒಳ್ಳೇ ಉದಾಹರಣೆ. ಅಮೆರಿಕದಲ್ಲಿ ಆ ಹೆಸರು ಬಿ.ಪಿ.ಗೆ ಕೊಡುವ ಡಿಲ್ಟಿಯಾಜೆಮ್‌ಗೆ ಇತ್ತು. ಸರ್ಬಿಯಾದಲ್ಲಿ ಅದೇ ಹೆಸರು ಹೃದಯದ ಔಷಧಿ ಡಿಗಾಕ್ಸಿನ್‌ಗೆ. ಇಂಥ ಹೆಸರುಗಳ ಬಗ್ಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2006ರಲ್ಲೇ ಎಚ್ಚರಿಸಿತ್ತು. ಉಚ್ಚಾರ ಹತ್ತಿರವಿರುವವೂ ಅಪಾಯವೇ. ನಮ್ಮ ಕಾರ್ಡೇಸ್ ಅಂದರೆ ರಾಮಿಪ್ರಿಲ್, ಕಾರ್ಡಿಜೆಮ್ ಅಂದರೆ ಡಿಲ್ಟಿಯಾಜೆಮ್, ಕಾರ್ಡೂರ ಅಂದರೆ ಡಾಕ್ಸಝೋಸಿನ್. ಕೌಂಟರಿನಲ್ಲಿ ಬಾಯಲ್ಲಿ ಹೇಳುವ ಬದಲು ಇಂಗ್ಲಿಷ್ ದೊಡ್ಡಕ್ಷರದಲ್ಲಿ ಬರೆದು ತೋರಿಸಿ.

ಕೆಲವು ಜೋಡಿ ಹೆಸರುಗಳು ಗೊತ್ತಿದ್ದರೆ ಅನುಕೂಲ. ಆಮ್ಲಾಂಗ್ ಅಥವಾ ಸ್ಟ್ಯಾಮ್ಲೊ ಒಳಗಿರುವ ಆಮ್ಲೋಡಿಪಿನ್ ಅಮೆರಿಕದಲ್ಲಿ ನಾರ್ವಾಸ್ಕ್, ಬ್ರಿಟನ್ನಿನಲ್ಲಿ ಇಸ್ಟಿನ್. ಟೆಲ್ಮಿಸಾರ್ಟಾನ್ ಹೊರಗಡೆ ಮೈಕಾರ್ಡಿಸ್, ಲೊಸಾರ್ಟಾನ್ ಕೊಝಾರ್. ಆದರೂ ಅಂಗಡಿಯಲ್ಲಿ ಜೆನೆರಿಕ್ ಹೆಸರೇ, ಅಂದರೆ ಶೀಟಿನ ಹಿಂದಿರುವ ಔಷಧಿಯ ಹೆಸರೇ ಹೇಳಿ. ಬೆಲೆಯೂ ಕಡಿಮೆ. ಜೆನೆರಿಕ್ ಹೆಸರಿನಲ್ಲೂ ಅಲ್ಪಸ್ವಲ್ಪ ವ್ಯತ್ಯಾಸ ಉಂಟು. ನಮ್ಮಲ್ಲೂ ಅಮೆರಿಕದಲ್ಲೂ ಟಾರ್ಸೆಮೈಡ್ ಅನ್ನುವುದನ್ನು ಬ್ರಿಟನ್ನಿನವರು ಟೊರಾಸೆಮೈಡ್ ಅನ್ನುತ್ತಾರೆ.

## ಹಂತ 2: ಎರಡು ತಿಂಗಳು ಮುಂಚೆ ಡಾಕ್ಟರ್ ಹತ್ತಿರ ಹೋಗಿ

ಹೊರಡುವ ಹಿಂದಿನ ವಾರ ಹೋದರೆ ಚೀಟಿ ಸಿಗುತ್ತದೆ, ಪರಿಹಾರ ಸಿಗುವುದಿಲ್ಲ. ಬರೆದುಕೊಂಡ ಪಟ್ಟಿಯನ್ನು ಮುಂದಿಟ್ಟು ಒಂದೇ ಪ್ರಶ್ನೆ ಕೇಳಿ: ‘ಇದರಲ್ಲಿ ಆ ದೇಶದಲ್ಲಿ ಸಿಗದ ಮಾತ್ರೆ ಯಾವುದು?’

ಕೆಲವು ನಿಜವಾಗಿಯೂ ಸಿಗುವುದಿಲ್ಲ. ಸಿಲ್ನಿಡಿಪಿನ್ ಇದಕ್ಕೆ ಮುಖ್ಯ ಉದಾಹರಣೆ. ಸಿಲಾಕಾರ್ ಅನ್ನುವ ಹೆಸರಿನಲ್ಲಿ ನಮ್ಮೂರಿನ ಎಷ್ಟೋ ಮನೆಗಳಲ್ಲಿ ಇರುವ ಮಾತ್ರೆ. ಜಪಾನಿನಲ್ಲಿ ಇದೆ, ಅಮೆರಿಕ ಮತ್ತು ಬ್ರಿಟನ್ನಿನ ಅಂಗಡಿಗಳಲ್ಲಿ ಇಲ್ಲ. ಅಲ್ಲಿನ ಡಾಕ್ಟರ್ ಬಹುಶಃ ಆಮ್ಲೋಡಿಪಿನ್‌ಗೆ ಬದಲಿಸುತ್ತಾರೆ. ಆಮ್ಲೋಡಿಪಿನ್‌ನಿಂದ ಕಾಲು ಊದಿತು ಅಂತಲೇ ಸಿಲ್ನಿಡಿಪಿನ್‌ಗೆ ಬದಲಿಸಿಕೊಂಡವರಿಗೆ ಅಲ್ಲಿ ಮತ್ತೆ ಕಾಲು ಊದಬಹುದು. ಈ ಹಳೇ ಕಥೆ ಅಲ್ಲಿನ ಡಾಕ್ಟರಿಗೆ ತಿಳಿಯಬೇಕಾದರೆ ನಿಮ್ಮ ಚೀಟಿಯಲ್ಲಿ ಅದನ್ನು ಬರೆದಿರಬೇಕು.

ಎರಡು-ಮೂರು ಔಷಧಿ ಸೇರಿಸಿದ ಮಾತ್ರೆಗಳದ್ದು ಬೇರೆ ತಾಪತ್ರಯ. ನಮ್ಮಲ್ಲಿ ಸಿಗುವಷ್ಟು ಜೋಡಣೆಗಳು ಹೊರಗಡೆ ಸಿಗುವುದಿಲ್ಲ. ಆಮ್ಲೋಡಿಪಿನ್ ಜೊತೆ ಅಟೆನೊಲಾಲ್, ಟೆಲ್ಮಿಸಾರ್ಟಾನ್ ಜೊತೆ ಮೆಟೊಪ್ರೊಲಾಲ್ ಸೇರಿದ ಒಂದೇ ಮಾತ್ರೆ ಅಮೆರಿಕದಲ್ಲಿ ಇಲ್ಲ. ಬಿಡಿಬಿಡಿಯಾಗಿ ಎಲ್ಲವೂ ಇವೆ. ಆದ್ದರಿಂದ ಡಾಕ್ಟರ್ ಚೀಟಿಯಲ್ಲಿ ಪ್ರತಿ ಔಷಧಿಯನ್ನೂ ಪ್ರತ್ಯೇಕ ಸಾಲಿನಲ್ಲಿ ಬರೆಯಲಿ. ಅಲ್ಲಿ ಒಂದು ಮಾತ್ರೆಯ ಬದಲು ಎರಡು ನುಂಗಬೇಕಾಗುತ್ತದೆ, ಅಷ್ಟೆ.

ಇರುವುದು ಎರಡು-ಮೂರು ವಾರ ಮಾತ್ರವಾದರೆ ಏನನ್ನೂ ಬದಲಿಸಬೇಡಿ, ಮಾತ್ರೆ ಜೊತೆಗೇ ಒಯ್ಯಿರಿ. ವರ್ಷಗಟ್ಟಲೆ ಇರುವವರು ಎಲ್ಲ ಕಡೆ ಸಿಗುವ ಔಷಧಿಗೆ ಊರಲ್ಲೇ ಬದಲಿಸಿಕೊಳ್ಳುವುದು ವಾಸಿ ಅಂತ ನನ್ನ ಅಭಿಪ್ರಾಯ. ಆಮ್ಲೋಡಿಪಿನ್, ಲೊಸಾರ್ಟಾನ್, ರಾಮಿಪ್ರಿಲ್ ಇವೆಲ್ಲ ಬಹುತೇಕ ದೇಶಗಳಲ್ಲಿ ಸಿಗುತ್ತವೆ. ಹೊಸ ಮಾತ್ರೆ ಹೊಂದುತ್ತದೆಯೇ ಅಂತ ನೋಡಲು, ಬಿ.ಪಿ. ಬರೆದಿಡಲು, ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತದ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಪರೀಕ್ಷೆ ಮಾಡಿಸಲು ಆಗ ಸಮಯ ಇರುತ್ತದೆ. ಬದಲಿಸಬೇಕು ಅಂತ ಡಾಕ್ಟರ್ ಹೇಳಿದರೆ ಮಾತ್ರ ಬದಲಾವಣೆ. ಇಂಟರ್‌ನೆಟ್ ನೋಡಿಕೊಂಡು ನೀವೇ ಮಾಡಬೇಡಿ. ಗರ್ಭಿಣಿಯರು, ಮಗುವಿಗಾಗಿ ಪ್ರಯತ್ನಿಸುತ್ತಿರುವವರು ಅದನ್ನು ಮೊದಲೇ ಹೇಳಬೇಕು. ‘ಸಾರ್ಟಾನ್’, ‘ಪ್ರಿಲ್’ ಅಂತ ಕೊನೆಯಾಗುವ ಮಾತ್ರೆಗಳು ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡುತ್ತವೆ.

## ಹಂತ 3: ಕಾಗದಪತ್ರ ಮತ್ತು ಬ್ಯಾಗ್

ಚೀಟಿಯಲ್ಲಿರುವ ಹೆಸರು ಪಾಸ್‌ಪೋರ್ಟಿನಲ್ಲಿರುವ ಹೆಸರೇ ಆಗಿರಬೇಕು. ಕ್ಲಿನಿಕ್ಕಿನಲ್ಲಿ ‘ಸರೋಜಮ್ಮ, 68’ ಅಂತ ಗೀಚಿರುತ್ತಾರೆ. ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ಬಿಡಿಸಿ, ಊರ ಹೆಸರೂ ಗಂಡನ ಹೆಸರೂ ಸೇರಿ ಎರಡು ಸಾಲು ಆಗಿರುತ್ತದೆ. ಎರಡೂ ಒಬ್ಬರೇ ಅಂತ ಕಸ್ಟಮ್ಸ್‌ನವರಿಗೆ ಹೇಗೆ ಗೊತ್ತಾಗಬೇಕು, ಅಲ್ವಾ? ಲೆಟರ್‌ಹೆಡ್‌ನಲ್ಲಿ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿಸಿ. ಕಾಯಿಲೆ, ಔಷಧಿಯ ಜೆನೆರಿಕ್ ಹೆಸರು, ಮಿ.ಗ್ರಾಂ, ದಿನಕ್ಕೆಷ್ಟು ಸಲ, ಎಷ್ಟು ದಿನಕ್ಕೆ ಅನ್ನುವುದು ಇರಲಿ. ಡಾಕ್ಟರ್ ಸಹಿ, ಸೀಲು, ನೋಂದಣಿ ಸಂಖ್ಯೆ ಇರಬೇಕು. ಒಂದು ಪ್ರತಿ ಬ್ಯಾಗಿನಲ್ಲಿ, ಒಂದು ಫೋನಿನಲ್ಲಿ, ಒಂದು ಮಗನಿಗೋ ಮಗಳಿಗೋ ವಾಟ್ಸಾಪ್‌ನಲ್ಲಿ.

ಇರುವ ದಿನಗಳಿಗೆ ಆಗುವಷ್ಟು ಮಾತ್ರೆ, ಮೇಲೆ ಎರಡು-ಮೂರು ವಾರದ್ದು. ಎಕ್ಸ್‌ಪೈರಿ ಡೇಟು ವಾಪಸ್ ಬರುವ ದಿನಕ್ಕಿಂತ ಮುಂದೆ ಇರಬೇಕು. ಎಲ್ಲವೂ ಮೂಲ ಶೀಟಿನಲ್ಲೇ ಇರಲಿ, ಬಿಲ್ ಜೊತೆಗಿರಲಿ. ಮಾತ್ರೆಗಳನ್ನೆಲ್ಲ ಬಿಡಿಸಿ ಹಾರ್ಲಿಕ್ಸ್ ಬಾಟ್ಲಿಗೆ ಸುರಿಯಬೇಡಿ. ಮುಖ್ಯವಾದದ್ದು ಕೈಬ್ಯಾಗಿನಲ್ಲಿ ಇಡಿ. ಲಗೇಜು ತಪ್ಪಿಹೋದರೆ ಸೀರೆ ಸಿಗುತ್ತದೆ, ಮಾತ್ರೆ ಸಿಗುವುದಿಲ್ಲ. ಬೇರೆಯವರ ಮಾತ್ರೆಯನ್ನು ‘ನಮ್ಮ ಹುಡುಗನಿಗೆ ತಲುಪಿಸಿಬಿಡಿ’ ಅಂತ ಕೊಟ್ಟರೆ ಒಪ್ಪಿಕೊಳ್ಳಬೇಡಿ.

## ಹಂತ 4: ಆ ದೇಶದ ಮಿತಿ ಎಷ್ಟು ನೋಡಿ

ಅಮೆರಿಕದಲ್ಲಿ ಸ್ವಂತ ಬಳಕೆಗೆ ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚಿನದು ತರಬೇಡಿ ಅನ್ನುತ್ತಾರೆ. ಆಸ್ಟ್ರೇಲಿಯಾ ಮತ್ತು ಸಿಂಗಾಪುರದಲ್ಲಿಯೂ ಲೆಕ್ಕ ಮೂರು ತಿಂಗಳಿನದು. ಆಸ್ಟ್ರೇಲಿಯಾದಲ್ಲಿ ಇಳಿದ ಕೂಡಲೇ ಪ್ರಯಾಣಿಕರು ತುಂಬಿಕೊಡುವ ಕಾರ್ಡಿನಲ್ಲಿ ಔಷಧಿ ಇದೆ ಅಂತ ಬರೆಯಬೇಕು, ಚೀಟಿ ತೋರಿಸಬೇಕು. ಜಪಾನ್ ಬಿಗಿ. ಚೀಟಿಯ ಮೇಲೆ ಕೊಡುವ ಮಾತ್ರೆ ಒಂದು ತಿಂಗಳಿಗಿಂತ ಜಾಸ್ತಿ ಒಯ್ಯಬೇಕಾದರೆ ಯುನ್ಯು ಕಾಕುನಿನ್-ಶೊ ಅನ್ನುವ ಅನುಮತಿ ಪತ್ರವನ್ನು ಮೊದಲೇ ತರಿಸಿಕೊಳ್ಳಬೇಕು.

ಬಿ.ಪಿ. ಮಾತ್ರೆ ಸಾಮಾನ್ಯವಾಗಿ ಎಲ್ಲೂ ನಿಷಿದ್ಧವಲ್ಲ. ಸಿಕ್ಕಿಬೀಳುವುದು ಅದರ ಜೊತೆಗಿರುವವು. ಯುಎಇಗೆ ಹೋಗುವವರ ಚೀಲದಲ್ಲಿ ಮಂಡಿನೋವಿಗೆಂದು ಇಟ್ಟ ಟ್ರಮಡಾಲ್, ನರದ ನೋವಿನ ಪ್ರಿಗಾಬಾಲಿನ್, ಕೊಡೀನ್ ಇರುವ ಕೆಮ್ಮಿನ ಸಿರಪ್ ಇದ್ದರೆ ಅನುಮತಿ ಇಲ್ಲದೆ ದೊಡ್ಡ ಕೇಸು ಆಗಬಹುದು. ಔಷಧಿ ಚೀಲವನ್ನು ಪೂರ್ತಿ ಸುರಿದು ಒಂದೊಂದಾಗಿ ನೋಡಿ. ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ ಆದ ಮೇಲೆ ಆ ದೇಶದ ಆರೋಗ್ಯ ಇಲಾಖೆಯ ವೆಬ್‌ಸೈಟ್ ನೋಡಿ.

## ಹಂತ 5: ಅಲ್ಲಿ ಮಾತ್ರೆ ಮುಗಿಯುತ್ತಾ ಬಂದಾಗ

ಮೂರು ವಾರದ ಮಾತ್ರೆ ಉಳಿದಾಗಲೇ ಶುರು ಮಾಡಿ. ಮನೆಗಳಲ್ಲಿ ನಡೆಯುವ ಮಾತು ಹೀಗಿರುತ್ತದೆ. ‘ಅತ್ತೆ, ಮಾತ್ರೆ ಎಷ್ಟಿದೆ?’ ‘ಇದೆ ಕಣಮ್ಮಾ, ಬೇಕಾದಷ್ಟಿದೆ.’ ಬೇಕಾದಷ್ಟು ಅನ್ನುವುದು ಲೆಕ್ಕವಲ್ಲ. ಡಬ್ಬಿ ತೆಗೆಸಿ ಎಣಿಸಿ. ಮಗ-ಸೊಸೆಗೆ ತೊಂದರೆ ಯಾಕೆ ಅಂತ ದಿನ ಬಿಟ್ಟು ದಿನ ಮಾತ್ರೆ ನುಂಗಿ ಉಳಿಸುವ ಹಿರಿಯರೂ ಇದ್ದಾರೆ. ಎಣಿಕೆ ಇರಬೇಕಾದದ್ದಕ್ಕಿಂತ ಜಾಸ್ತಿ ಬಂದರೂ ವಿಚಾರಿಸಿ.

ಮೊದಲು ಫಾರ್ಮಸಿಸ್ಟ್ ಹತ್ತಿರ ಹೋಗಿ. ದುಡ್ಡು ಕೊಡಬೇಕಿಲ್ಲ. ಜೆನೆರಿಕ್ ಹೆಸರು ಬರೆದ ಕಾಗದ ಮತ್ತು ಶೀಟ್ ತೋರಿಸಿ, ‘ಇದೇ ಔಷಧಿ ನಿಮ್ಮಲ್ಲಿ ಇದೆಯಾ, ಇದೇ ಮಿ.ಗ್ರಾಂನಲ್ಲಿ?’ ಅಂತ ಕೇಳಿ. ಅವರು ಮಾತ್ರೆ ಕೊಡುವುದಿಲ್ಲ, ಆದರೆ ಯಾವುದಕ್ಕೆ ಚೀಟಿ ಬರೆಸಿಕೊಳ್ಳಬೇಕು ಅಂತ ಗೊತ್ತಾಗುತ್ತದೆ.

ಆಮೇಲೆ ಅಲ್ಲಿನ ಡಾಕ್ಟರ್. ಅಮೆರಿಕದಲ್ಲಿ ನಮ್ಮ ಚೀಟಿ ನಡೆಯುವುದಿಲ್ಲ. ಅಲ್ಲಿ ಲೈಸೆನ್ಸ್ ಇರುವವರು ಬರೆಯಬೇಕು. ಅರ್ಜೆಂಟ್ ಕೇರ್ ಅನ್ನುವ ಚಿಕ್ಕ ಕ್ಲಿನಿಕ್ ಅಥವಾ ವಿಡಿಯೊ ಕನ್ಸಲ್ಟೇಶನ್ ಸಾಕು, ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ ದೊಡ್ಡ ಬಿಲ್ ಮಾಡಿಸಿಕೊಳ್ಳಬೇಡಿ. ಪ್ರವಾಸಿಗರ ಇನ್ಶೂರೆನ್ಸ್ ಹಳೇ ಕಾಯಿಲೆಯ ಮಾಮೂಲಿ ಮಾತ್ರೆಗೆ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ. ಹಾಗಂತ ಮಾತ್ರೆ ದುಬಾರಿಯಲ್ಲ. ಆಮ್ಲೋಡಿಪಿನ್, ಲೊಸಾರ್ಟಾನ್ ತರಹದ ಜೆನೆರಿಕ್‌ಗಳು ಕೂಪನ್ ಬಳಸಿದರೆ ಅಗ್ಗ. ಜಾಸ್ತಿ ಆಗುವುದು ಡಾಕ್ಟರ್ ಫೀಸು. ಅದಕ್ಕೆ ಒಂದೇ ಸಲಕ್ಕೆ 90 ದಿನಕ್ಕೆ ಬರೆಸಿಕೊಳ್ಳಿ.

ಬ್ರಿಟನ್ನಿನ ಫಾರ್ಮಸಿಗಳೂ ಭಾರತದ ಚೀಟಿ ಒಪ್ಪುವುದಿಲ್ಲ. ಅಲ್ಲಿ ನೆಲೆಸಲು ಹೋದವರು ಮನೆ ಸಿಕ್ಕ ವಾರವೇ ಜಿಪಿ ಅನ್ನುವ ಫ್ಯಾಮಿಲಿ ಡಾಕ್ಟರ್ ಹತ್ತಿರ ನೋಂದಾಯಿಸಿಕೊಳ್ಳಿ, ಮಾತ್ರೆ ಮುಗಿಯುವವರೆಗೆ ಕಾಯಬೇಡಿ. ಜರ್ಮನಿಯಲ್ಲೂ ಹೀಗೇ; ಹೌಸ್‌ಆರ್ಟ್‌ಸ್ಟ್ ಅನ್ನುವ ಫ್ಯಾಮಿಲಿ ಡಾಕ್ಟರ್ ಬರೆದುಕೊಟ್ಟದ್ದನ್ನು ಅಪೊಥೆಕೆ ಅನ್ನುವ ಔಷಧಿ ಅಂಗಡಿಯಲ್ಲಿ ತೆಗೆದುಕೊಳ್ಳಬೇಕು.

ಡಾಕ್ಟರ್ ಎದುರು ಮೂರು ಮಾತು ಮರೆಯಬೇಡಿ: ಯಾವ ಮಾತ್ರೆ ಆಗಿಬರಲಿಲ್ಲ, ಶುಗರ್-ಕಿಡ್ನಿ ತೊಂದರೆ ಇದೆಯೇ, ಕಳೆದ ವಾರದ ಬಿ.ಪಿ. ಅಂಕಿಗಳು ಎಷ್ಟು.

ಊರಿಂದ ಕೊರಿಯರ್ ಮಾಡಿಸೋಣ ಅನ್ನುವುದು ಎಲ್ಲರಿಗೂ ಹೊಳೆಯುವ ಉಪಾಯ. ಅಮೆರಿಕಕ್ಕೆ ಹೀಗೆ ಕಳಿಸಿದ ಪೊಟ್ಟಣ ಕಸ್ಟಮ್ಸ್‌ನಲ್ಲಿ ನಿಂತುಬಿಡಬಹುದು. ಅದನ್ನು ನಂಬಿ ಕೂರಬೇಡಿ. ಚೀಟಿಯೇ ಕೇಳದೆ ಮಾತ್ರೆ ಮಾರುವ ವೆಬ್‌ಸೈಟ್ ಕಂಡರೆ ಮುಚ್ಚಿಬಿಡಿ.

## ಹಂತ 6: ನುಂಗುವ ಮುಂಚೆ ತಾಳೆ ನೋಡಿ

ಅಮೆರಿಕದಲ್ಲಿ ಶೀಟ್ ಕೊಡುವುದು ಅಪರೂಪ. ಮಾತ್ರೆ ಎಣಿಸಿ ಕಂದು-ಕಿತ್ತಳೆ ಬಣ್ಣದ ಡಬ್ಬಿಗೆ ಹಾಕಿ, ಹೆಸರು ಅಂಟಿಸಿ ಕೊಡುತ್ತಾರೆ. ನಿಮ್ಮ ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡು ಹೆಸರು, ಮಿ.ಗ್ರಾಂ, ಇಆರ್ ಇದೆಯೇ ಇಲ್ಲವೇ, ದಿನಕ್ಕೆಷ್ಟು ಸಲ ಅನ್ನುವುದನ್ನು ಕೌಂಟರಿನಲ್ಲೇ ತಾಳೆ ನೋಡಿ. ಬಣ್ಣ, ಆಕಾರ ನೋಡಿ ನಿರ್ಧರಿಸಬೇಡಿ. ಕಂಪನಿ ಬದಲಾದರೆ ಅದೂ ಬದಲಾಗುತ್ತದೆ. ಅಲ್ಲಿನ ಮಾತ್ರೆಗಳ ಮೇಲೆ ಅಕ್ಷರ-ಅಂಕಿಯ ಗುರುತು ಒತ್ತಿರುತ್ತಾರೆ. ಅನುಮಾನ ಬಂದರೆ ಆ ಗುರುತಿನಿಂದ ಯಾವ ಮಾತ್ರೆ ಅಂತ ಹುಡುಕಬಹುದು.

ಮುಂದಿನ ಎರಡು ವಾರ ಬೆಳಿಗ್ಗೆ ಮಾತ್ರೆಗೆ ಮುಂಚೆ ಮತ್ತು ಸಂಜೆ ಬಿ.ಪಿ. ನೋಡಿ ಬರೆದಿಡಿ. ಐದು ನಿಮಿಷ ಸುಮ್ನೆ ಕೂತು, ಒಂದು ನಿಮಿಷದ ಅಂತರದಲ್ಲಿ ಎರಡು ಸಲ. ಏರಿಳಿತ ಕಂಡರೆ ಮಾತ್ರೆಯನ್ನು ಬಯ್ಯುವ ಮುಂಚೆ ಬೇರೆ ಕಾರಣ ನೋಡಿ. ಶೀತಕ್ಕೆ ಕೊಡುವ ಸೂಡಾಫೆಡ್, ಹೆಸರಿನ ಕೊನೆಗೆ ‘ಡಿ’ ಇರುವ ಅಲರ್ಜಿ ಮಾತ್ರೆಗಳು ಬಿ.ಪಿ. ಏರಿಸುತ್ತವೆ. ಐಬುಪ್ರೊಫೆನ್ ಕೂಡ. ನೆದರ್ಲೆಂಡ್ಸ್‌ನಲ್ಲಿ ಮೊಮ್ಮಕ್ಕಳು ತಿನ್ನುವ ಕಪ್ಪು ಲಿಕರಿಸ್ ಮಿಠಾಯಿಗೂ ಆ ಗುಣ ಉಂಟು! ನಿಫೆಡಿಪಿನ್, ಫೆಲೊಡಿಪಿನ್ ನುಂಗುವವರು ಗ್ರೇಪ್‌ಫ್ರೂಟ್ ಬಿಡಿ, ಅದು ಔಷಧಿಯ ಪ್ರಭಾವವನ್ನು ಹೆಚ್ಚಿಸುತ್ತದೆ.

## ಡೋಸ್ ತಪ್ಪಿದರೆ, ಸಮಯ ಬದಲಾದರೆ

ಬೆಂಗಳೂರಿನ ಬೆಳಿಗ್ಗೆ ನ್ಯೂಯಾರ್ಕಿನ ರಾತ್ರಿ. ದಿನಕ್ಕೊಂದು ಆಮ್ಲೋಡಿಪಿನ್ ಅಥವಾ ಟೆಲ್ಮಿಸಾರ್ಟಾನ್ ನುಂಗುವವರು ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಎರಡೂ ಮೈಯಲ್ಲಿ ಬಹಳ ಹೊತ್ತು ಉಳಿಯುತ್ತವೆ, ಕೆಲವು ಗಂಟೆ ಆಚೀಚೆ ಆದರೆ ತೊಂದರೆಯಿಲ್ಲ. ದಿನಕ್ಕೆರಡು-ಮೂರು ಸಲದ ಮಾತ್ರೆ ಇರುವವರು ಹೊರಡುವ ಮುಂಚೆಯೇ ಡಾಕ್ಟರಿಂದ ವೇಳಾಪಟ್ಟಿ ಬರೆಸಿಕೊಳ್ಳಿ. ತಪ್ಪಿಹೋದ ಮಾತ್ರೆಗೆ ಸೇರಿಸಿ ಒಟ್ಟಿಗೆ ಎರಡು ನುಂಗುವುದು ಬೇಡ.

ಎರಡು ಬಗೆಯ ಮಾತ್ರೆಗಳ ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ. ಕ್ಲೊನಿಡಿನ್ ಥಟ್ಟನೆ ನಿಂತರೆ ಬಿ.ಪಿ. ಜಿಗಿದು ಏರುತ್ತದೆ. ‘ಲಾಲ್’ ಅಂತ ಕೊನೆಯಾಗುವ ಮೆಟೊಪ್ರೊಲಾಲ್, ಅಟೆನೊಲಾಲ್ ಥಟ್ಟನೆ ನಿಂತರೆ ಹೃದಯದ ತೊಂದರೆ ಇರುವವರಿಗೆ ಎದೆನೋವು, ಹಾರ್ಟ್ ಅಟ್ಯಾಕ್ ಕೂಡ ಬರಬಹುದು. ಇವು ಕಳೆದುಹೋದರೆ ಅವತ್ತೇ ಡಾಕ್ಟರ್ ನೋಡಿ.

## ಕಾಯಬಾರದ ಲಕ್ಷಣಗಳು

ಬಿ.ಪಿ. 180/120 ದಾಟಿದ್ದು, ಜೊತೆಗೆ ಎದೆನೋವು, ಉಸಿರುಗಟ್ಟುವುದು, ಒಂದು ಕಡೆ ಕೈಕಾಲು ಸೋಲುವುದು, ಮಾತು ತೊದಲುವುದು, ಕಣ್ಣು ಮಂಜಾಗುವುದು ಇದ್ದರೆ ಆಂಬುಲೆನ್ಸ್ ಕರೆಯಿರಿ. ಬಿ.ಪಿ. ಎಷ್ಟೇ ಇದ್ದರೂ ಈ ಲಕ್ಷಣಗಳು ಬಂದರೆ ಕರೆಯಲೇಬೇಕು. ಅಮೆರಿಕ, ಕೆನಡಾದಲ್ಲಿ 911, ಬ್ರಿಟನ್ನಿನಲ್ಲಿ 999, ಯುರೋಪಿನಲ್ಲಿ 112, ಆಸ್ಟ್ರೇಲಿಯಾದಲ್ಲಿ 000, ಸಿಂಗಾಪುರದಲ್ಲಿ 995, ಯುಎಇಯಲ್ಲಿ 998. ಹಿರಿಯರ ಫೋನಿನಲ್ಲಿ ಉಳಿಸಿಡಿ.

‘ಪ್ರಿಲ್’ ಗುಂಪಿನ ಹೊಸ ಮಾತ್ರೆ ಶುರುವಾದ ಮೇಲೆ ತುಟಿ, ನಾಲಿಗೆ, ಮುಖ ಊದಿದರೂ ಇದೇ ನಂಬರ್. ಅದೇ ಗುಂಪಿನ ಒಣಕೆಮ್ಮು ತುರ್ತಲ್ಲ, ಆದರೆ ಶೀತ ಅಂದುಕೊಂಡು ತಿಂಗಳುಗಟ್ಟಲೆ ಕಷಾಯ ಕುಡಿಯಬೇಡಿ. ಮಾತ್ರೆ ಬದಲಿಸಿದರೆ ಹೋಗುತ್ತದೆ. ಎದ್ದು ನಿಂತಾಗ ತಲೆ ಸುತ್ತಿದರೆ ಕೂತು ಬಿ.ಪಿ. ನೋಡಿ, ಡಾಕ್ಟರಿಗೆ ಹೇಳಿ.

## ಹಂತ 7: ವಾಪಸ್ ಬಂದ ಮೇಲೆ

ಇದನ್ನು ಯಾರೂ ಹೇಳುವುದಿಲ್ಲ. ಅಮೆರಿಕದ ಡಾಕ್ಟರ್ ಟೆಲ್ಮಿಸಾರ್ಟಾನ್ ಬದಲು ಲಿಸಿನೊಪ್ರಿಲ್ ಕೊಟ್ಟಿರುತ್ತಾರೆ. ಊರಿಗೆ ಬಂದ ಕೂಡಲೇ ಹಳೇ ಡಬ್ಬಿಯ ಟೆಲ್ಮಾವೂ ಶುರು, ತಂದ ಡಬ್ಬಿಯ ಲಿಸಿನೊಪ್ರಿಲ್ ಕೂಡ ‘ದುಡ್ಡು ಕೊಟ್ಟಿದ್ದೀವಲ್ಲ’ ಅಂತ ಮುಂದುವರಿಯುತ್ತದೆ. ಈ ಎರಡು ಗುಂಪು ಒಟ್ಟಿಗೆ ಸೇರಿದರೆ ಪೊಟ್ಯಾಸಿಯಂ ಏರಬಹುದು, ಕಿಡ್ನಿಗೆ ಪೆಟ್ಟು ಬೀಳಬಹುದು. ನಾರ್ವಾಸ್ಕ್ ಮತ್ತು ಆಮ್ಲಾಂಗ್ ಎರಡನ್ನೂ ನುಂಗಿದರೆ ಒಂದೇ ಔಷಧಿ ಎರಡು ಪಟ್ಟಾಗುತ್ತದೆ. ಹೋಗುವಾಗಿನ ಪಟ್ಟಿ, ಅಲ್ಲಿನ ಡಬ್ಬಿಗಳು, ಬಿ.ಪಿ. ಬರೆದ ನೋಟ್‌ಬುಕ್ ಮೂರನ್ನೂ ಊರಿನ ಡಾಕ್ಟರ್ ಮೇಜಿನ ಮೇಲಿಡಿ. ಯಾವುದು ಉಳಿಯಬೇಕು ಅಂತ ಅವರು ಹೇಳುವವರೆಗೆ ಅಲ್ಲಿ ಕೊನೆಗೆ ನುಂಗುತ್ತಿದ್ದದ್ದನ್ನೇ ಮುಂದುವರಿಸಿ, ಹಳೇ ಶೀಟ್‌ಗಳನ್ನು ಬೇರೆ ಕವರಿಗೆ ಹಾಕಿ ಎತ್ತಿಡಿ.